ರೈಲು ನಮ್ಮಲ್ಲಿ ಅಗ್ಗ, ಅಮೆರಿಕದಲ್ಲಿ ವಿಮಾನಕ್ಕಿಂತ ದುಬಾರಿ. ಯಾಕೆ ಹೀಗೆ?

ಸರಸ್ವತಿಪುರಂ ಹುಡುಗ
ನಮ್ಮ ಚಿಕ್ಕಪ್ಪನ ಮಗ ಶಿಕಾಗೊದಲ್ಲಿದ್ದಾನೆ. ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೊ ಕಡೆಗೆ ಒಂದು ಸಲ ರೈಲಿನಲ್ಲಿ ಹೋಗಬೇಕು ಅಂತ ಆಸೆಪಟ್ಟ. ಮಲಗುವ ರೂಮಿನ ದರ ನೋಡಿ ಸುಮ್ನೆ ವಿಮಾನದ ಟಿಕೆಟ್ ತೆಗೆದ. ರೈಲಿನ ರೂಮಿಗಿಂತ ವಿಮಾನವೇ ಎಷ್ಟೋ ಅಗ್ಗವಂತೆ.

ಇಲ್ಲಿ ಮೈಸೂರಿನಿಂದ ವಾರಾಣಸಿಗೆ ಸ್ಲೀಪರ್‌ನಲ್ಲಿ ಹೋಗಲು ಸಾವಿರ ರೂಪಾಯಿ ಆಸುಪಾಸು ಸಾಕು. ಎರಡು ರಾತ್ರಿಯ ದಾರಿ, ಮಲಗಲು ಬರ್ತು. ಹಾಗಾದರೆ ದುಡ್ಡಿರುವ ದೇಶಗಳಲ್ಲಿ ಇದು ಯಾಕೆ ಆಗುವುದಿಲ್ಲ? ಯುರೋಪಿನಲ್ಲೂ ದುಬಾರಿ ಅಂತಾರೆ. ಚೀನಾದಲ್ಲಿ ಪರವಾಗಿಲ್ಲ ಅಂತಾರೆ. ಆಫ್ರಿಕಾ, ದಕ್ಷಿಣ ಅಮೆರಿಕದ ಕಡೆ ಏನು ಕಥೆ? ಗೊತ್ತಿರುವವರು ಬರೆಯಿರಿ.

ಮದ್ದೂರು ಪಾಸ್‌ದಾರ
ಜನ ಜಾಸ್ತಿ, ಗಾಡಿ ತುಂಬುತ್ತದೆ, ದರ ಕಮ್ಮಿ. ಇದರಲ್ಲಿ ತಲೆ ಕೆಡಿಸಿಕೊಳ್ಳಲು ಏನಿದೆ ಗುರು? ಸಂಜೆ ಬೆಂಗಳೂರಿನಿಂದ ಹೊರಡುವ ಯಾವ ಗಾಡಿಯ ಜನರಲ್ ಬೋಗಿಯಾದರೂ ಹತ್ತಿ ನೋಡಿ. ವಡೆ ಮಾರುವವರು ಆ ಗುಂಪಿನಲ್ಲಿ ಬುಟ್ಟಿ ಎತ್ತಿಕೊಂಡು ಹೇಗೆ ನುಸುಳುತ್ತಾರೋ ಆ ದೇವರಿಗೇ ಗೊತ್ತು.

ಹಳೇ ಗೂಡ್ಸ್ ಗಾರ್ಡ್
ಜನ ಜಾಸ್ತಿ ಅನ್ನುವುದು ಅರ್ಧ ಉತ್ತರ. ಗಾಡಿ ತುಂಬಿದ ಮಾತ್ರಕ್ಕೆ ಖರ್ಚು ಹುಟ್ಟುವುದಿಲ್ಲ. ನಿಮ್ಮ ಟಿಕೆಟ್ ಮೇಲೇ ಒಂದು ಸಾಲು ಅಚ್ಚಾಗಿ ಬರುತ್ತಿತ್ತಲ್ಲ, ಪ್ರಯಾಣದ ಖರ್ಚಿನಲ್ಲಿ ಸರಾಸರಿ 57% ಮಾತ್ರ ರೈಲ್ವೆಗೆ ವಾಪಸ್ ಬರುತ್ತದೆ ಅಂತ, ಅದನ್ನು ಓದಿದ್ದೀರಾ? ಉಳಿದದ್ದನ್ನು ಯಾರು ಕೊಡುತ್ತಾರೆ ಅನ್ನುವುದೇ ಪ್ರಶ್ನೆ. ಖಂಡದಿಂದ ಖಂಡಕ್ಕೆ ಬದಲಾಗುವುದೂ ಅದೇ. ರೈಲು ಓಡಿಸುವುದು ಎಲ್ಲ ಕಡೆಯೂ ದುಬಾರಿ ಕೆಲಸ. ಬಿಲ್ಲು ಯಾರ ಮನೆಗೆ ಹೋಗುತ್ತದೆ ಅನ್ನುವುದಷ್ಟೇ ಬೇರೆ.

ನಮ್ಮಲ್ಲಿ ಅದು ಗೂಡ್ಸ್ ಗಾಡಿಗೆ ಹೋಗುತ್ತದೆ. ರೈಲ್ವೆ ಆದಾಯದಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಸರಕು ಸಾಗಣೆಯಿಂದಲೇ ಬರುತ್ತದೆ. ಆ ಸರಕಿನ ತೂಕದಲ್ಲಿ ಅರ್ಧದಷ್ಟು ಕಲ್ಲಿದ್ದಲು. ನಾನು ಸರ್ವಿಸಿನಲ್ಲಿದ್ದಾಗ ಈ ಮೈಸೂರು ಲೈನಿನಲ್ಲಿ ಗೂಡ್ಸ್ ಕೆಲಸ ಮಾಡಿದ್ದೇನೆ. ಆಗ ಇನ್ನೂ ಜೋಡಿ ಹಳಿ ಇರಲಿಲ್ಲ. ಯಲಿಯೂರಿನಲ್ಲೋ ಹನಕೆರೆಯಲ್ಲೋ ನಮ್ಮನ್ನು ಲೂಪ್ ಲೈನಿಗೆ, ಅಂದರೆ ಪಕ್ಕದ ಹಳಿಗೆ, ಹಾಕಿಬಿಡುತ್ತಿದ್ದರು. ಚಾಮುಂಡಿ ಎಕ್ಸ್‌ಪ್ರೆಸ್ ಹೋಯಿತು, ಟಿಪ್ಪು ಎಕ್ಸ್‌ಪ್ರೆಸ್ ಹೋಯಿತು, ಆಮೇಲೆ ಪ್ಯಾಸೆಂಜರ್ ಹೋಯಿತು. ಗಾಡಿಯ ಕೊನೆಯ ಬ್ರೇಕ್ ವ್ಯಾನಿನ ಮೆಟ್ಟಿಲ ಮೇಲೆ ನಿಂತು ಪ್ರತಿ ಗಾಡಿಗೂ ಹಸಿರು ಬಾವುಟ ತೋರಿಸುವುದು, ಮತ್ತೆ ಕೂರುವುದು. ಎರಡೂ ಕಡೆ ಕಬ್ಬಿನ ಗದ್ದೆ, ನೆರಳಿಲ್ಲ. ಸಿಗ್ನಲ್ ಬಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಅಂದರೆ ದುಡ್ಡು ತರುವ ಗಾಡಿ ನಿಂತು, ದುಡ್ಡು ಕಳೆಯುವ ಗಾಡಿಗೆ ದಾರಿ ಬಿಡುತ್ತಿತ್ತು! ದೇಶವೆಲ್ಲ ಹೀಗೇ. ಅದಕ್ಕೇ ಲುಧಿಯಾನಾದಿಂದ ಬಿಹಾರದ ಸೋನ್‌ನಗರದವರೆಗೆ 1,337 ಕಿ.ಮೀ., ದೆಹಲಿ ಹತ್ತಿರದ ದಾದ್ರಿಯಿಂದ ಮುಂಬೈ ಪಕ್ಕದ ಬಂದರಿಗೆ 1,506 ಕಿ.ಮೀ. ಅಂತ ಗೂಡ್ಸಿಗೇ ಬೇರೆ ಹಳಿ ಹಾಕಬೇಕಾಗಿ ಬಂದದ್ದು.

ಇದರ ಮೇಲೆ ಕೇಂದ್ರ ಸರ್ಕಾರದ ಬಂಡವಾಳ ಬೇರೆ. 2017ರಲ್ಲಿ ರೈಲ್ವೆ ಬಜೆಟ್ಟನ್ನು ಸಾಮಾನ್ಯ ಬಜೆಟ್‌ಗೆ ಸೇರಿಸಿದರು. 2025-26ಕ್ಕೆ ಅದರಿಂದ ರೈಲ್ವೆಗೆ ಇಟ್ಟಿದ್ದು 2.52 ಲಕ್ಷ ಕೋಟಿ ರೂಪಾಯಿ. ಹಳಿ, ಸೇತುವೆ, ಎಂಜಿನ್ ಕೊಳ್ಳುವ ದುಡ್ಡಿನಲ್ಲಿ ದೊಡ್ಡ ಪಾಲು ನಿಮ್ಮ ಟಿಕೆಟ್ಟಿನಿಂದ ಬರುತ್ತಿಲ್ಲ ಅಂತ ಅರ್ಥ.

ಮದ್ದೂರು ಪಾಸ್‌ದಾರ
ಅಂದರೆ ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ!

ಕಬ್ಬಿನ ಗದ್ದೆ, ಪಾಂಡವಪುರ
ಯಾರದೋ ಅಲ್ಲ ಸ್ವಾಮಿ, ನಮ್ಮದೇ. ಕಲ್ಲಿದ್ದಲು ಒಡಿಶಾದಿಂದಲೋ ಸಿಂಗರೇಣಿಯಿಂದಲೋ ರಾಯಚೂರಿನ ಶಾಖೋತ್ಪನ್ನ ಕೇಂದ್ರಕ್ಕೆ ರೈಲಿನಲ್ಲೇ ಬರಬೇಕು. ಸಾಗಣೆ ದರ ಜಾಸ್ತಿಯಾದರೆ ಕರೆಂಟ್ ದುಬಾರಿ. ಸಿಮೆಂಟು, ಗೊಬ್ಬರ ಎಲ್ಲದರ ಕಥೆಯೂ ಅದೇ. ಗೊಬ್ಬರಕ್ಕೆ ಸರ್ಕಾರ ಸಬ್ಸಿಡಿ ಕೊಡುತ್ತದೆ, ಆ ದುಡ್ಡೂ ನಮ್ಮ ಜೇಬಿನದ್ದೇ. ರೈಲು ಹತ್ತದವನೂ ರೈಲು ಟಿಕೆಟ್ಟಿಗೆ ದುಡ್ಡು ಕೊಡುತ್ತಿದ್ದಾನೆ. ನಮ್ಮ ಅಮ್ಮ ರೈಲು ಹತ್ತಿ ಎಷ್ಟೋ ವರ್ಷವಾಯಿತು, ಆದರೆ ತಿಂಗಳು ತಿಂಗಳು ಕರೆಂಟ್ ಬಿಲ್ ಕಟ್ಟುತ್ತಾರೆ.

ಹಳೇ ಗೂಡ್ಸ್ ಗಾರ್ಡ್
ನಿಜ. ಇನ್ನೊಂದು ಪೆಟ್ಟೂ ಇದೆ. ಸರಕಿಗೆ ದರ ಏರಿಸುತ್ತಾ ಹೋದರೆ ಸರಕು ಲಾರಿಗೆ ಹೋಗುತ್ತದೆ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ದೇಶದ ಸರಕಿನಲ್ಲಿ ಬಹುಪಾಲು ರೈಲಿನಲ್ಲೇ ಹೋಗುತ್ತಿತ್ತು. ಈಗ ಮೂರನೇ ಒಂದು ಪಾಲೂ ಇಲ್ಲ. ಫ್ರಿಜ್ಜು, ಬಟ್ಟೆ ಎಲ್ಲ ಹೆಚ್ಚಾಗಿ ರಸ್ತೆಯ ಮೇಲೆ. ರೈಲಿಗೆ ಉಳಿದದ್ದು ಕಲ್ಲಿದ್ದಲು, ಅದಿರು, ಸಿಮೆಂಟಿನಂಥ ಭಾರದ ಸಾಮಾನು. ನಾಳೆ ಕಲ್ಲಿದ್ದಲು ಕಮ್ಮಿಯಾದರೆ ಸ್ಲೀಪರ್ ಟಿಕೆಟ್ಟಿನ ಗತಿ ಏನು ಅಂತ ಯಾರೂ ಬಾಯಿ ಬಿಟ್ಟು ಹೇಳುತ್ತಿಲ್ಲ.

ಸರಸ್ವತಿಪುರಂ ಹುಡುಗ
ಸಾರ್, ಅಮೆರಿಕದಲ್ಲೂ ಮೈಲಿಗಟ್ಟಲೆ ಉದ್ದದ ಗೂಡ್ಸ್ ಗಾಡಿ ಓಡುತ್ತವಲ್ಲ. ಅಲ್ಲಿ ಯಾಕೆ ಆ ದುಡ್ಡು ಪ್ರಯಾಣಿಕರಿಗೆ ಬರುವುದಿಲ್ಲ?

ಮಂಡ್ಯದವಳು, ಈಗ ಓಹಾಯೊ
ಇದಕ್ಕೆ ನಾನು ಹೇಳುತ್ತೇನೆ. ಇಲ್ಲಿ ಹಳಿ ಸರ್ಕಾರದ್ದಲ್ಲ. ಗೂಡ್ಸ್ ಕಂಪನಿಗಳದ್ದು, ಖಾಸಗಿ. ಅವರ ಲಾಭ ಷೇರುದಾರರಿಗೆ ಹೋಗುತ್ತದೆ.

ಮೊದಲು ಇದೇ ಕಂಪನಿಗಳು ಪ್ರಯಾಣಿಕರ ಗಾಡಿಯನ್ನೂ ಓಡಿಸುತ್ತಿದ್ದವು. 1956ರಲ್ಲಿ ಸರ್ಕಾರ ಇಂಟರ್‌ಸ್ಟೇಟ್ ಹೆದ್ದಾರಿಗಳಿಗೆ ದುಡ್ಡು ಸುರಿಯಲು ಶುರು ಮಾಡಿತು. ಜನ ಕಾರು ಹತ್ತಿದರು, ದೂರ ಹೋಗುವವರು ಜೆಟ್ ವಿಮಾನ ಹತ್ತಿದರು. 1967ರಲ್ಲಿ ಅಂಚೆ ಇಲಾಖೆ ತನ್ನ ಟಪಾಲನ್ನು ಬಹುಪಾಲು ರೈಲುಗಳಿಂದ ತೆಗೆಯಿತು. ಎಷ್ಟೋ ಗಾಡಿಗಳು ಟಪಾಲಿನ ದುಡ್ಡಿನಲ್ಲೇ ಬದುಕಿದ್ದವು, ಒಂದೊಂದಾಗಿ ನಿಂತವು. ಕೊನೆಗೆ 1971ರ ಮೇ 1ರಂದು ಆಮ್‌ಟ್ರಾಕ್ ಅನ್ನುವ ಸರ್ಕಾರಿ ಪ್ರಯಾಣಿಕರ ರೈಲು ಕಂಪನಿ ಶುರುವಾಯಿತು. ಕಂಪನಿಗಳು ನಷ್ಟದ ಗಾಡಿಗಳನ್ನು ಅದಕ್ಕೆ ಒಪ್ಪಿಸಿ ಕೈ ತೊಳೆದುಕೊಂಡವು. ಲಾಭದ ಗೂಡ್ಸನ್ನು ತಾವು ಇಟ್ಟುಕೊಂಡವು. ನಮ್ಮಲ್ಲಿ ಗೂಡ್ಸ್ ಮತ್ತು ಪ್ಯಾಸೆಂಜರ್ ಒಂದೇ ಮನೆಯಲ್ಲಿವೆ, ಇಲ್ಲಿ 1971ರಲ್ಲೇ ಪಾಲಾಗಿಬಿಟ್ಟವು.

ಈಗ ಆಮ್‌ಟ್ರಾಕ್ ಓಡುವ ಹಳಿಯಲ್ಲಿ ಅದರ ಸ್ವಂತದ್ದು 3% ಆಸುಪಾಸು ಮಾತ್ರ, ಅದೂ ಹೆಚ್ಚಾಗಿ ವಾಷಿಂಗ್ಟನ್–ಬಾಸ್ಟನ್ ಕಡೆ. ಉಳಿದ ಕಡೆ ಬೇರೆಯವರ ಗದ್ದೆ ಬದುವಿನ ಮೇಲೆ ಎತ್ತಿನ ಗಾಡಿ ಹೊಡೆದ ಹಾಗೆ. ಪ್ರಯಾಣಿಕರ ಗಾಡಿಗೆ ಮೊದಲು ದಾರಿ ಬಿಡಬೇಕು ಅಂತ 1973ರಿಂದಲೇ ಕಾನೂನಿದೆ. ಆದರೆ ಗೂಡ್ಸ್ ಗಾಡಿಗಳು ಈಗ ಎಷ್ಟು ಉದ್ದ ಅಂದರೆ, ಎಷ್ಟೋ ಲೂಪ್ ಲೈನುಗಳಲ್ಲಿ ಅವು ಹಿಡಿಸುವುದೇ ಇಲ್ಲ. ಹಿಡಿಸದ್ದನ್ನು ಪಕ್ಕಕ್ಕೆ ಹಾಕುವುದು ಹೇಗೆ? ಚಿಕ್ಕ ಗಾಡಿಯೇ ಪಕ್ಕಕ್ಕೆ ಹೋಗಬೇಕು. ನಾವು ಒಂದು ಸಲ ಶಿಕಾಗೊದಿಂದ ಸ್ಯಾನ್ ಫ್ರಾನ್ಸಿಸ್ಕೊ ಕಡೆಗೆ ಹೋಗುವ ಕ್ಯಾಲಿಫೋರ್ನಿಯಾ ಝೆಫಿರ್ ಗಾಡಿಯಲ್ಲಿ ಹೋಗುವಾಗ ನೆವಾಡಾದ ಬಯಲಿನಲ್ಲಿ ಹೀಗೇ ನಿಂತೆವು. ಕಂಟೇನರ್ ಮೇಲೆ ಕಂಟೇನರ್ ಹೇರಿಕೊಂಡು ಗಾಡಿ ಬಂತು. ಪಕ್ಕದ ಸೀಟಿನ ಮಗು ಎಣಿಸಲು ಶುರು ಮಾಡಿ, ಬೇಜಾರಾಗಿ ಬಿಟ್ಟು, ಮಲಗಿಯೂ ಬಿಟ್ಟಿತು. ಗಾಡಿ ಇನ್ನೂ ಹೋಗುತ್ತಲೇ ಇತ್ತು.

2024ರಲ್ಲಿ ಅಮೆರಿಕದ ನ್ಯಾಯ ಇಲಾಖೆಯೇ ನಾರ್ಫೋಕ್ ಸದರ್ನ್ ಅನ್ನುವ ಗೂಡ್ಸ್ ಕಂಪನಿಯ ಮೇಲೆ ಕೇಸು ಹಾಕಿತು. ನ್ಯೂಯಾರ್ಕ್–ನ್ಯೂ ಆರ್ಲಿಯನ್ಸ್ ಗಾಡಿಗೆ ಕಾನೂನಿನಂತೆ ದಾರಿ ಬಿಡುತ್ತಿಲ್ಲ ಅಂತ ದೂರು.

ಹುಡುಗನ ಚಿಕ್ಕಪ್ಪನ ಮಗನ ವಿಷಯಕ್ಕೆ ಬಂದರೆ, ಅವನು ನೋಡಿದ್ದು ರೂಮಿನ ದರ. ಸಾದಾ ಕೋಚ್ ಸೀಟು ಮುಂಚೆಯೇ ತೆಗೆದರೆ ಅಷ್ಟೇನೂ ದುಬಾರಿ ಅಲ್ಲ. ಆದರೆ ಸುಮಾರು 3,900 ಕಿ.ಮೀ., ಎರಡು ಹಗಲು ಎರಡು ರಾತ್ರಿ ಕೂತೇ ಹೋಗಬೇಕು. ನಮ್ಮ ಸ್ಲೀಪರ್ ಥರದ್ದು ಇಲ್ಲಿ ಇಲ್ಲವೇ ಇಲ್ಲ. ಒಂದೋ ಸೀಟು, ಇಲ್ಲವೇ ಊಟದ ಸಮೇತ ರೂಮು.

ಹಳೇ ಗೂಡ್ಸ್ ಗಾರ್ಡ್
ಅಕ್ಕ ಕೊನೆಗೆ ಹೇಳಿದ್ದು ಬಹಳ ಮುಖ್ಯ. ಒಂದು ಬೋಗಿಯಲ್ಲಿ ಎಷ್ಟು ಜನ ಮಲಗುತ್ತಾರೆ ಅನ್ನುವುದೇ ದರದ ಲೆಕ್ಕ. ನಮ್ಮ ಹಳೆಯ ಸ್ಲೀಪರ್ ಬೋಗಿಯಲ್ಲಿ 72 ಬರ್ತು, ಹೊಸ ಮಾದರಿಯ ಎಲ್‌ಎಚ್‌ಬಿಯಲ್ಲಿ 80. ರಷ್ಯಾದ ಪ್ಲಾಟ್ಸ್‌ಕಾರ್ಟ್ ಅಂತಾರಲ್ಲ, ಬಾಗಿಲಿಲ್ಲದ ಸ್ಲೀಪರ್, ಅದರಲ್ಲಿ 54. ಅಮೆರಿಕದ ಮಲಗುವ ಬೋಗಿ ಎರಡು ಮಹಡಿಯದ್ದಾದರೂ ಐವತ್ತು ಜನ ಹಿಡಿಯುವುದಿಲ್ಲ. ಬೋಗಿ ಎಳೆಯುವ ಖರ್ಚು ಹೆಚ್ಚುಕಮ್ಮಿ ಅಷ್ಟೇ. ನಮ್ಮ ಗಾಡಿಗೆ 20-22 ಬೋಗಿ, ಡ್ರೈವರ್ ಇಬ್ಬರೇ. ಸಾವಿರಕ್ಕೂ ಜಾಸ್ತಿ ಜನರ ಮೇಲೆ ಅವರ ಸಂಬಳ ಹಂಚಿಹೋಗುತ್ತದೆ. ಅಲ್ಲಿ ಸಂಬಳವೂ ಜಾಸ್ತಿ, ಹಂಚಿಕೊಳ್ಳುವ ಜನವೂ ಕಮ್ಮಿ.

ಕುವೆಂಪುನಗರ ಎಂ ಬ್ಲಾಕ್
ಯುರೋಪಿನ ವಿಷಯ ಬರೆಯುತ್ತೇನೆ, ಓದುವಾಗ ಜರ್ಮನಿಯಲ್ಲಿದ್ದೆ.

ಅಲ್ಲಿ ಹಳಿ ಸರ್ಕಾರದ್ದೇ. ಆದರೆ 1991ರಲ್ಲಿ ಯುರೋಪಿಯನ್ ಸಮುದಾಯ ಒಂದು ನಿಯಮ ತಂದಿತು. ಹಳಿಯ ಲೆಕ್ಕ ಬೇರೆ, ಗಾಡಿಯ ಲೆಕ್ಕ ಬೇರೆ ಇಡಬೇಕು ಅಂತ. ಅಂದಿನಿಂದ ಗಾಡಿ ಓಡಿಸುವವರು ಪ್ರತಿ ಕಿಲೋಮೀಟರಿಗೆ ಹಳಿಯ ಬಾಡಿಗೆ ಕಟ್ಟುತ್ತಾರೆ. ನಮ್ಮ ಮೈಸೂರು–ಬೆಂಗಳೂರು ಹೆದ್ದಾರಿಯ ಟೋಲ್ ಇದೆಯಲ್ಲ, ಅದು ರೈಲಿಗೆ. ಫ್ರಾನ್ಸಿನ ಹೈಸ್ಪೀಡ್ ಲೈನುಗಳಲ್ಲಿ ಈ ಬಾಡಿಗೆಯೇ ಭಾರಿ. ಮೂಗಿಗಿಂತ ಮೂಗುತಿ ಭಾರ ಅನ್ನುವ ಸ್ಥಿತಿ.

ಅಲ್ಲಿ ಸರ್ಕಾರದ ದುಡ್ಡು ಹೆಚ್ಚಾಗಿ ಹತ್ತಿರದ ಗಾಡಿಗೆ ಹೋಗುತ್ತದೆ, ದೂರದ ಗಾಡಿಗಲ್ಲ. ಜರ್ಮನಿಯಲ್ಲಿ 2023ರ ಮೇನಲ್ಲಿ 49 ಯೂರೊ ಪಾಸ್ ಬಂತು. 2025ರಲ್ಲಿ ಅದು 58 ಆಯಿತು. ಒಂದು ತಿಂಗಳು ಇಡೀ ದೇಶದ ಬಸ್ಸು, ಟ್ರಾಮು, ಲೋಕಲ್ ರೈಲು ಎಲ್ಲದಕ್ಕೂ ಆಗುತ್ತದೆ. ಐಸಿಇ ಥರದ ದೂರದ ವೇಗದ ಗಾಡಿಗೆ ಮಾತ್ರ ಆಗುವುದಿಲ್ಲ. ಅದನ್ನು ಲಾಭ ಮಾಡಿಕೊಂಡು ಬದುಕು ಅಂತ ಬಿಟ್ಟಿದ್ದಾರೆ. ನಾವು ವಿದ್ಯಾರ್ಥಿಗಳು ಲೋಕಲ್‌ನಿಂದ ಲೋಕಲ್‌ಗೆ ಹಾರಿ ಹಾರಿ ದೇಶದ ಆ ತುದಿಗೆ ಹೋಗುತ್ತಿದ್ದೆವು. ಒಂದು ಕನೆಕ್ಷನ್ ತಪ್ಪಿದರೆ ಯಾವುದೋ ಊರಿನ ಪ್ಲಾಟ್‌ಫಾರಮ್ಮಿನಲ್ಲಿ ಚಳಿಗೆ ನಡುಗುತ್ತಾ ಕೂರಬೇಕು.

ರಾತ್ರಿ ಗಾಡಿಯ ಲೆಕ್ಕ ಇನ್ನೂ ಕಷ್ಟ. ಹಗಲಿನ ಗಾಡಿಯಲ್ಲಿ ಒಂದು ಸೀಟನ್ನು ದಿನಕ್ಕೆ ಮೂರು ನಾಲ್ಕು ಸಲ ಮಾರಬಹುದು. ಬರ್ತನ್ನು ರಾತ್ರಿಗೆ ಒಂದೇ ಸಲ. ಗಡಿ ದಾಟಿದರೆ ಎಂಜಿನ್ ಬದಲು, ಡ್ರೈವರ್ ಬದಲು, ವಿದ್ಯುತ್ ಬದಲು. ಜರ್ಮನಿಯ ಸರ್ಕಾರಿ ರೈಲು ಕಂಪನಿ ಡಾಯ್ಚ ಬಾನ್ 2016ರ ಕೊನೆಗೆ ತನ್ನ ರಾತ್ರಿ ಗಾಡಿಗಳನ್ನೇ ನಿಲ್ಲಿಸಿತು. ಅದರಲ್ಲಿ ಕೆಲವನ್ನು ಆಸ್ಟ್ರಿಯಾದವರು ವಹಿಸಿಕೊಂಡರು.

ಇನ್ನು ವಿಮಾನ. ಅಂತರರಾಷ್ಟ್ರೀಯ ವಿಮಾನದ ಇಂಧನಕ್ಕೆ ತೆರಿಗೆ ಇಲ್ಲ, ಟಿಕೆಟ್ ಮೇಲೆ ವ್ಯಾಟ್ ಇಲ್ಲ. ಜರ್ಮನಿ ತನ್ನ ದೂರದ ರೈಲು ಟಿಕೆಟ್ ಮೇಲೆ 2019ರ ಕೊನೆಯವರೆಗೂ 19% ವ್ಯಾಟ್ ಹಾಕುತ್ತಿತ್ತು! 2020ರಲ್ಲಿ ಅದನ್ನು 7%ಕ್ಕೆ ಇಳಿಸಿದರು.

ಎಲ್ಲ ಕಡೆ ದುಬಾರಿ ಅಂತಲ್ಲ. ಸ್ಪೇನಿನಲ್ಲಿ ಮ್ಯಾಡ್ರಿಡ್–ಬಾರ್ಸಿಲೋನಾ ಲೈನಿನಲ್ಲಿ ಸರ್ಕಾರಿ ಗಾಡಿಯೊಂದೇ ಇತ್ತು. 2021ರಲ್ಲಿ ಫ್ರಾನ್ಸಿನ ವಿಗೋ ಕಂಪನಿ ಬಂತು, 2022ರಲ್ಲಿ ಇರ್ಯೊ ಕಂಪನಿ ಬಂತು. ಮೂವರೂ ಪೈಪೋಟಿಗೆ ಬಿದ್ದು ದರ ಬಿತ್ತು. ಇಟಲಿಯಲ್ಲಿ 2012ರಲ್ಲಿ ಇಟಾಲೊ ಅನ್ನುವ ಖಾಸಗಿ ಗಾಡಿ ಬಂದಾಗಲೂ ಹೀಗೇ ಆಯಿತು.

ಮದ್ದೂರು ಪಾಸ್‌ದಾರ
ಹಾಗಾದರೆ ನಮ್ಮಲ್ಲೂ ಖಾಸಗಿಯವರನ್ನು ಬಿಟ್ಟರೆ ಇನ್ನೂ ಅಗ್ಗ ಆಗುತ್ತಾ?

ಕುವೆಂಪುನಗರ ಎಂ ಬ್ಲಾಕ್
ಆಗುವುದಿಲ್ಲ ಅಂತ ನನ್ನ ಅಭಿಪ್ರಾಯ. ಸ್ಪೇನ್ ಸಾವಿರಾರು ಕಿ.ಮೀ. ಹೈಸ್ಪೀಡ್ ಹಳಿ ಕಟ್ಟಿಟ್ಟಿತ್ತು, ಅದರ ಮೇಲೆ ಗಾಡಿ ಕಮ್ಮಿ ಇತ್ತು. ಖಾಲಿ ಹಳಿ ಇದ್ದ ಕಡೆ ಪೈಪೋಟಿ ನಡೆಯುತ್ತದೆ. ನಮ್ಮ ಮುಖ್ಯ ಲೈನುಗಳಲ್ಲಿ ಇನ್ನೊಂದು ಗಾಡಿ ತೂರಿಸಲು ಜಾಗ ಎಲ್ಲಿದೆ? ಅದೂ ಅಲ್ಲದೆ ಖರ್ಚಿನ 57% ತೆಗೆದುಕೊಂಡು ಓಡಿಸುವ ಗಾಡಿಯ ಜೊತೆ ಯಾವ ಖಾಸಗಿಯವನು ದರದಲ್ಲಿ ಪೈಪೋಟಿ ಮಾಡುತ್ತಾನೆ?

ಲಷ್ಕರ್ ಮೊಹಲ್ಲಾ ಅಂಗಡಿ
ಚೀನಾ ಬಗ್ಗೆ ಯಾರೂ ಬರೆದಿಲ್ಲ. ನಾನು ಸಾಮಾನು ಕೊಳ್ಳಲು ಗುವಾಂಗ್‌ಝೌಗೆ ಹೋಗುತ್ತಿರುತ್ತೇನೆ. ಎಲ್ಲರೂ ಬುಲೆಟ್ ರೈಲಿನ ಫೋಟೊ ಹಾಕುತ್ತಾರೆ, ಆದರೆ ಹಸಿರು ಬೋಗಿಯ ಹಳೆಯ ಗಾಡಿಗಳು ಇನ್ನೂ ಓಡುತ್ತಿವೆ. ಸಾದಾ ಸೀಟು, ಮೂರು ಅಂತಸ್ತಿನ ಬರ್ತು, ನಮ್ಮದೇ ಥರ. ಒಂದೇ ವ್ಯತ್ಯಾಸ, ಬೋಗಿಯ ತುದಿಯಲ್ಲಿ ಸದಾ ಬಿಸಿನೀರಿನ ನಲ್ಲಿ. ಬೆಳಿಗ್ಗೆ ಎದ್ದರೆ ಇಡೀ ಬೋಗಿ ಕೈಯಲ್ಲಿ ನೂಡಲ್ಸ್ ಡಬ್ಬಿ ಹಿಡಿದು ಆ ನಲ್ಲಿಗೆ ಕ್ಯೂ. ಆ ಗಾಡಿಗಳ ಮೂಲ ದರವನ್ನು 1995ರಿಂದ ಏರಿಸಿಲ್ಲ. ಆಗಿನ ಸಂಬಳ ಎಷ್ಟು, ಈಗಿನ ಸಂಬಳ ಎಷ್ಟು, ನೀವೇ ಯೋಚಿಸಿ. ಗುಡ್ಡಗಾಡಿನ ಹಳ್ಳಿಗಳಿಗೆ ಎಂಬತ್ತರಷ್ಟು ನಿಧಾನ ಗಾಡಿಗಳನ್ನು ನಷ್ಟದಲ್ಲೇ ಓಡಿಸುತ್ತಾರೆ. ಕೋಳಿ, ತರಕಾರಿ ಎಲ್ಲ ಹತ್ತುತ್ತವೆ.

ಬುಲೆಟ್ ರೈಲು ಯುರೋಪಿಗಿಂತ ಅಗ್ಗ, ನಮಗೆ ದುಬಾರಿಯೇ. 2024ರ ಕೊನೆಗೆ ಆ ಹಳಿ 48,000 ಕಿ.ಮೀ. ಮುಟ್ಟಿತ್ತು. ಬೀಜಿಂಗ್–ಶಾಂಘೈ ಲೈನು ಚೆನ್ನಾಗಿ ಲಾಭ ಮಾಡುತ್ತದೆ. ಆದರೆ ಅವರ ರೈಲ್ವೆಯ ಸಾಲ 6 ಲಕ್ಷ ಕೋಟಿ ಯುವಾನ್ ಮೇಲಿದೆ. ಅಂದರೆ ಅಲ್ಲಿ ಬಿಲ್ಲು ಮುಂದಿನ ತಲೆಮಾರಿಗೆ ಹೋಗಿದೆ ಅಂತ ಗಾರ್ಡ್ ಸಾರ್ ಲೆಕ್ಕದಲ್ಲಿ ಹೇಳಬಹುದು.

ಹಳೇ ಗೂಡ್ಸ್ ಗಾರ್ಡ್
ಜಪಾನಿನಲ್ಲಿ ಆ ಬಿಲ್ಲು ಬಂದೇ ಬಿಟ್ಟಿತು. ಸರ್ಕಾರಿ ರೈಲ್ವೆ 37 ಲಕ್ಷ ಕೋಟಿ ಯೆನ್ ಸಾಲ ಮಾಡಿಕೊಂಡು 1987ರಲ್ಲಿ ಮುರಿದುಬಿತ್ತು. ಅದನ್ನು ತುಂಡು ತುಂಡು ಮಾಡಿ ಕಂಪನಿಗಳಾಗಿಸಿದರು. ಸಾಲದ ದೊಡ್ಡ ಪಾಲು ತೆರಿಗೆ ಕಟ್ಟುವವರ ಮೇಲೆ ಬಿತ್ತು. ಈಗ ಟೋಕಿಯೊ–ಒಸಾಕಾ ಶಿಂಕಾನ್ಸೆನ್ ಬುಲೆಟ್ ರೈಲಿಗೆ ಸುಮಾರು 14,000 ಯೆನ್. ಸಮಯಕ್ಕೆ ಸರಿಯಾಗಿ ಹೋಗುತ್ತದೆ, ನಿಜ. ಆದರೆ ದುಡ್ಡಿಲ್ಲದ ಹುಡುಗರು ರಾತ್ರಿ ಬಸ್ ಹತ್ತುತ್ತಾರೆ.

ಒಂಟಿಕೊಪ್ಪಲ್ ಮೇಷ್ಟ್ರು
ಎಲ್ಲರೂ ದರದ ಲೆಕ್ಕ ಹೇಳಿದಿರಿ. ನಾನು ಹಳಿ ಎಲ್ಲಿಂದ ಎಲ್ಲಿಗೆ ಹೋಯಿತು ಅಂತ ಹೇಳುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ಪಾಠ ಮಾಡಿದ ಚಟ.

ನಮ್ಮ ಬೆಂಗಳೂರು–ಮೈಸೂರು ಲೈನು 1876–78ರ ಮಹಾ ಬರದ ಸಮಯದಲ್ಲಿ ಬರ ಪರಿಹಾರದ ಕೆಲಸವಾಗಿ ಹುಟ್ಟಿದ್ದು. 1880ರ ದಶಕದ ಶುರುವಿನಲ್ಲಿ ಮೀಟರ್ ಗೇಜ್ ಗಾಡಿ ಮೈಸೂರಿಗೆ ಬಂತು. ಬ್ರಿಟಿಷರು ದೇಶದಲ್ಲಿ ಹಳಿ ಹಾಕಿದ್ದು ಹತ್ತಿ ಸಾಗಿಸಲು, ಸೈನ್ಯ ಸಾಗಿಸಲು. ಆದರೆ ಹಳಿ ಬಿದ್ದ ದಾರಿಯಲ್ಲಿ ದೊಡ್ಡ ದೊಡ್ಡ ಊರುಗಳಿದ್ದವು. ಜನ ಹತ್ತಿಬಿಟ್ಟರು. ಮೂರನೇ ದರ್ಜೆಯ ಪ್ರಯಾಣಿಕರು ಇಷ್ಟು ಬರುತ್ತಾರೆ ಅಂತ ಆ ಕಂಪನಿಗಳು ಎಣಿಸಿಯೇ ಇರಲಿಲ್ಲ.

ಆಫ್ರಿಕಾದಲ್ಲಿ ಬಹಳ ಕಡೆ ಹಳಿ ಗಣಿಯಿಂದ ಬಂದರಿಗೆ ಹೋಯಿತು, ಅಷ್ಟೇ. ಊರಿಂದ ಊರಿಗೆ ಅಲ್ಲ, ದೇಶದಿಂದ ದೇಶಕ್ಕೂ ಅಲ್ಲ. ವಸಾಹತು ಆಳಿದ ಒಬ್ಬ ಯಜಮಾನ ಒಂದು ಅಳತೆಯ ಹಳಿ, ಇನ್ನೊಬ್ಬ ಇನ್ನೊಂದು ಅಳತೆಯ ಹಳಿ. ಮೊಂಬಾಸಾದಿಂದ ಒಳನಾಡಿಗೆ 1896ರಿಂದ 1901ರವರೆಗೆ ಹಾಕಿದ ಲೈನಿಗೆ ನಮ್ಮ ದೇಶದಿಂದಲೇ ಸುಮಾರು 32,000 ಕೂಲಿಗಳನ್ನು ಕರೆದೊಯ್ದರು. ಆ ದಾರಿಯ ಪಕ್ಕದಲ್ಲೇ ಕೀನ್ಯಾ ಚೀನಾದ ಸಾಲದಲ್ಲಿ ಹೊಸ ಹಳಿ ಹಾಕಿ 2017ರಲ್ಲಿ ಗಾಡಿ ಬಿಟ್ಟಿತು. ನೈರೋಬಿ–ಮೊಂಬಾಸಾ ಸಾದಾ ದರ್ಜೆಗೆ 1,000 ಶಿಲಿಂಗ್ ಇತ್ತು, 2024ರಲ್ಲಿ 1,500 ಮಾಡಿದರು. ಸಾಲ ತೀರಿಸಲು 2013ರಿಂದಲೇ ಆಮದು ಸಾಮಾನಿನ ಮೇಲೆ ರೈಲ್ವೆ ಸುಂಕ ಹಾಕಿದ್ದಾರೆ. ತಾಂಜಾನಿಯಾ–ಜಾಂಬಿಯಾ ನಡುವೆ ಚೀನಾ 1975ರಲ್ಲಿ ಮುಗಿಸಿಕೊಟ್ಟ ತಜಾರಾ ಲೈನು 1,860 ಕಿ.ಮೀ. ಟಿಕೆಟ್ ಅಗ್ಗ. ರಿಪೇರಿಗೆ ದುಡ್ಡು ಸಾಲದೆ ಗಾಡಿ ಯಾವಾಗ ಬರುತ್ತದೆ ಅನ್ನುವುದೇ ಕಷ್ಟವಾಯಿತು.

ಅರ್ಜೆಂಟೀನಾ ಕಥೆ ಇನ್ನೂ ಬೇಜಾರು. 40,000 ಕಿ.ಮೀ. ಮೇಲೆ ಹಳಿ ಇದ್ದ ದೇಶ. 1948ರಲ್ಲಿ ರಾಷ್ಟ್ರೀಕರಣ ಮಾಡಿದರು. 1990ರ ದಶಕದಲ್ಲಿ ಗೂಡ್ಸನ್ನು ಖಾಸಗಿಗೆ ಕೊಟ್ಟರು. ದೂರದ ಪ್ರಯಾಣಿಕರ ಗಾಡಿಯನ್ನು 1993ರಲ್ಲಿ, ಬೇಕಾದರೆ ನೀವೇ ಓಡಿಸಿಕೊಳ್ಳಿ ಅಂತ ಪ್ರಾಂತ್ಯಗಳ ತಲೆಗೆ ಕಟ್ಟಿದರು. ಪ್ರಾಂತ್ಯಗಳ ಹತ್ತಿರ ದುಡ್ಡೆಲ್ಲಿ? ಬಹುಪಾಲು ಗಾಡಿ ನಿಂತವು. ರೈಲನ್ನೇ ನಂಬಿದ್ದ ಊರುಗಳು ಖಾಲಿಯಾದವು. ಮೆಕ್ಸಿಕೊದಲ್ಲೂ ಅದೇ ದಶಕದಲ್ಲಿ ಹೆಚ್ಚುಕಮ್ಮಿ ಇದೇ ಆಯಿತು.

ಬ್ರೆಜಿಲ್‌ನಲ್ಲಿ ಒಂದು ವಿಚಿತ್ರ ಇದೆ. ವಿಟೋರಿಯಾ ಬಂದರಿನಿಂದ ಮಿನಾಸ್ ಜೆರಾಯಿಸ್ ರಾಜ್ಯದ ಕಡೆಗೆ 664 ಕಿ.ಮೀ. ದಿನಾ ಪ್ರಯಾಣಿಕರ ಗಾಡಿ ಓಡುತ್ತದೆ, ಟಿಕೆಟ್ಟೂ ಅಗ್ಗ. ಓಡಿಸುವುದು ವಾಲೆ ಅನ್ನುವ ಗಣಿ ಕಂಪನಿ. ಲೈನು ಇರುವುದೇ ಕಬ್ಬಿಣದ ಅದಿರಿಗೆ.

ಹಳೇ ಗೂಡ್ಸ್ ಗಾರ್ಡ್
ನೋಡಿ ಮೇಷ್ಟ್ರೇ, ಅಲ್ಲೂ ಗೂಡ್ಸೇ ಹೊತ್ತುಕೊಂಡಿದೆ!

ಮಂಡ್ಯದವಳು, ಈಗ ಓಹಾಯೊ
ಆಸ್ಟ್ರೇಲಿಯಾ ಬಿಟ್ಟುಹೋಯಿತು. ಸಿಡ್ನಿ–ಪರ್ತ್ ಇಂಡಿಯನ್ ಪೆಸಿಫಿಕ್ 4,352 ಕಿ.ಮೀ. ಅದರಲ್ಲಿ ಮೊದಲು ಸಾದಾ ಸೀಟೂ ಇತ್ತು. ಸರ್ಕಾರ ಸಹಾಯಧನ ನಿಲ್ಲಿಸಿತು, 2016ರಲ್ಲಿ ಆ ದರ್ಜೆಯನ್ನೇ ತೆಗೆದರು. ಈಗ ಅದು ವೈನು ಕುಡಿಯುತ್ತಾ ಮರುಭೂಮಿ ನೋಡುವವರ ಗಾಡಿ, ಸಾವಿರಗಟ್ಟಲೆ ಡಾಲರು.

ಅಶೋಕಪುರಂ ಸ್ಟೇಷನ್ ರೋಡ್
ಎಲ್ಲ ಸರಿ, ನಮ್ಮಲ್ಲಿ ಅಗ್ಗ ಅಗ್ಗ ಅಂತ ಇಷ್ಟು ಹೊತ್ತಿಂದ ಹೇಳುತ್ತಿದ್ದೀರಿ. ಟಿಕೆಟ್ ಸಿಗಬೇಕಲ್ಲ? ದಸರಾ ರಜೆಗೆ ಉತ್ತರದ ಕಡೆ ಬುಕ್ ಮಾಡಲು ಹೋಗಿ. ಬಾಗಿಲು ತೆಗೆದ ಹತ್ತು ನಿಮಿಷಕ್ಕೆ ವೇಟಿಂಗ್ ಲಿಸ್ಟ್. ಯುರೋಪಿನಲ್ಲಿ ದುಡ್ಡು ಕೊಟ್ಟರೆ ಸೀಟು, ಇಲ್ಲಿ ಅದೃಷ್ಟ ಇದ್ದರೆ ಸೀಟು. ಅಲ್ಲಿ ದರ ಏರಿಸಿ ಜನರನ್ನು ಕಮ್ಮಿ ಮಾಡುತ್ತಾರೆ. ಇಲ್ಲಿ ದರ ಇಳಿಸಿ ಕ್ಯೂನಲ್ಲಿ ನಿಲ್ಲಿಸುತ್ತಾರೆ. ಎರಡೂ ಸೀಟು ಹಂಚುವ ದಾರಿಗಳೇ. ನಮ್ಮ ಅಪ್ಪ ವೇಟಿಂಗ್ ಲಿಸ್ಟ್ 14 ಹಿಡಿದು ಪ್ರತಿ ಗಂಟೆಗೊಮ್ಮೆ ಮೊಬೈಲ್ ನೋಡುತ್ತಾ ಕೂತಿದ್ದರಲ್ಲ, ಆ ಸಮಯಕ್ಕೆ ಬೆಲೆ ಇಲ್ವಾ?

ಹಳೇ ಗೂಡ್ಸ್ ಗಾರ್ಡ್
ಮಾತು ಸರಿಯಾಗಿದೆ. ತತ್ಕಾಲ್ ಇದೆ, ಪ್ರೀಮಿಯಂ ತತ್ಕಾಲ್ ಇದೆ. 2016ರಿಂದ ರಾಜಧಾನಿ, ಶತಾಬ್ದಿ, ದುರಂತೊ ಗಾಡಿಗಳಲ್ಲಿ ಸೀಟು ತುಂಬಿದ ಹಾಗೆ ದರ ಏರುತ್ತದೆ. ಅಂದರೆ ನಮ್ಮವರೂ ಮೆಲ್ಲಗೆ ಆ ಕಡೆಗೇ ಹೊರಟಿದ್ದಾರೆ. 2024ರ ನವೆಂಬರ್‌ನಿಂದ ಮುಂಗಡ ಬುಕಿಂಗ್ 120 ದಿನದಿಂದ 60 ದಿನಕ್ಕೆ ಇಳಿಸಿದರು. ಅದರಿಂದ ಸೀಟೇನೂ ಜಾಸ್ತಿಯಾಗಲಿಲ್ಲ. ಸೀಟು ಜಾಸ್ತಿ ಆಗಬೇಕಾದರೆ ಗಾಡಿ ಬೇಕು, ಗಾಡಿಗೆ ಹಳಿ ಬೇಕು.

ಕಬ್ಬಿನ ಗದ್ದೆ, ಪಾಂಡವಪುರ
ಹಿರಿಯರಿಗೆ ಇದ್ದ ರಿಯಾಯಿತಿಯೂ 2020ರ ಮಾರ್ಚ್‌ನಲ್ಲಿ ಹೋಯಿತು. ಗಂಡಸರಿಗೆ 40%, ಹೆಂಗಸರಿಗೆ 50% ಇತ್ತು. ಕೊರೊನಾ ಹೋಯಿತು, ರಿಯಾಯಿತಿ ಬರಲಿಲ್ಲ. ಸಬ್ಸಿಡಿ ಕಮ್ಮಿ ಮಾಡಬೇಕು ಅಂದರೆ ಎಲ್ಲರಿಗೂ ಮೊದಲು ಕಾಣುವುದು ಮುದುಕರು!

ಸರಸ್ವತಿಪುರಂ ಹುಡುಗ
ಹಾಗಾದರೆ ದರ ಏರಿಸಬೇಕೋ ಬೇಡವೋ? ಒಂದು ಕಡೆ ಕರೆಂಟ್ ಬಿಲ್, ಇನ್ನೊಂದು ಕಡೆ ಟಿಕೆಟ್.

ಒಂಟಿಕೊಪ್ಪಲ್ ಮೇಷ್ಟ್ರು
ಎಸಿಗೆ ಏರಿಸಲಿ, ಜನರಲ್ ಮತ್ತು ಸ್ಲೀಪರ್ ಮುಟ್ಟಬಾರದು. ಕಟ್ಟಡ ಕೆಲಸಕ್ಕೆ ಬರುವ ಬಿಹಾರದ ಹುಡುಗರನ್ನು ನೋಡಿ. ದರ್ಭಂಗಾಗೆ ಹೋಗುವ ಬಾಗಮತಿ ಎಕ್ಸ್‌ಪ್ರೆಸ್ಸು ಅವರಿಗೆ ಊರಿನ ದಾರಿ. ಆ ಟಿಕೆಟ್ ಎರಡರಷ್ಟಾದರೆ ಅವರು ವಿಮಾನ ಹತ್ತುವುದಿಲ್ಲ, ಊರಿಗೆ ಹೋಗುವುದನ್ನೇ ಬಿಡುತ್ತಾರೆ. ಅಮೆರಿಕದಲ್ಲಿ ಬಡವನಿಗೂ ಹಳೆಯ ಕಾರೊಂದು ಇರುತ್ತದೆ. ಇಲ್ಲಿ ರೈಲು ಬಿಟ್ಟರೆ ಅವರಿಗೆ ಬೇರೆ ಏನಿದೆ?

ಕುವೆಂಪುನಗರ ಎಂ ಬ್ಲಾಕ್
ಮೇಷ್ಟ್ರೇ, ಏರಿಸದೆ ಇದ್ದರೂ ಸ್ಲೀಪರ್ ಬೋಗಿಯನ್ನೇ ಕಮ್ಮಿ ಮಾಡಿ ಎಸಿ ಬೋಗಿ ಸೇರಿಸಿದರೆ ಏನಾಯಿತು? ಟಿಕೆಟ್ ದರ ಅಷ್ಟೇ ಇದೆ ಅಂತ ಕಾಗದದಲ್ಲಿ ಇರುತ್ತದೆ. ಸ್ಲೀಪರ್ ಸಿಗದವನು ಎಸಿಗೆ ಹೋಗಬೇಕು, ಇಲ್ಲವೇ ಜನರಲ್‌ನಲ್ಲಿ ನಿಲ್ಲಬೇಕು. ನನ್ನ ಭಯ ಇದು. 2023ರ ಕೊನೆಗೆ ಶುರುವಾದ ಅಮೃತ್ ಭಾರತ್ ಗಾಡಿ ಇದಕ್ಕೆ ಒಂದು ಉತ್ತರ ಆಗಬಹುದು. 22 ಬೋಗಿ, ಎಸಿ ಇಲ್ಲ, ಬರೀ ಸ್ಲೀಪರ್ ಮತ್ತು ಜನರಲ್. ಮೊದಲ ಎರಡರಲ್ಲಿ ಒಂದು ಮಾಲ್ಡಾದಿಂದ ಬೆಂಗಳೂರಿಗೇ ಬಂತು. ವಂದೇ ಭಾರತ್‌ಗೆ ಸಿಕ್ಕಷ್ಟು ಫೋಟೊ ಇದಕ್ಕೆ ಸಿಗಲಿಲ್ಲ, ಆ ಮಾತು ಬೇರೆ.

ಹಳೇ ಗೂಡ್ಸ್ ಗಾರ್ಡ್
ನನ್ನ ಲೆಕ್ಕದಲ್ಲಿ ಸ್ವಲ್ಪ ಸ್ವಲ್ಪ ಏರಿಸುವುದೇ ಸರಿ. ವರ್ಷಗಟ್ಟಲೆ ಸುಮ್ಮನಿದ್ದು ಒಂದೇ ಸಲ ಏರಿಸಿದರೆ ಗಲಾಟೆ. 2025ರ ಜುಲೈನಲ್ಲಿ ಏರಿಸಿದ್ದು ಎಷ್ಟು? ಎಸಿ ಇಲ್ಲದ ಎಕ್ಸ್‌ಪ್ರೆಸ್ಸಿಗೆ ಕಿಲೋಮೀಟರಿಗೆ ಒಂದು ಪೈಸೆ, ಎಸಿಗೆ ಎರಡು ಪೈಸೆ. ಮೈಸೂರು–ಬೆಂಗಳೂರು 138 ಕಿ.ಮೀ.ಗೆ ಒಂದೂವರೆ ರೂಪಾಯಿಯೂ ಆಗಲಿಲ್ಲ. ಸಾದಾ ಗಾಡಿಗೆ 500 ಕಿ.ಮೀ.ವರೆಗೆ ಮುಟ್ಟಲೇ ಇಲ್ಲ, ಪಾಸ್‌ಗೂ ಮುಟ್ಟಲಿಲ್ಲ. ಆದರೂ ಟಿವಿಯಲ್ಲಿ ಎರಡು ದಿನ ಚರ್ಚೆ.

ಮದ್ದೂರು ಪಾಸ್‌ದಾರ
ಪಾಸ್ ಮುಟ್ಟಬೇಡಿ ಅಂತ ನಾನು ಹೇಳುವುದೇ ಇಲ್ಲ. ನನ್ನ ತಿಂಗಳ ಪಾಸು ಒಂದು ವಾರದ ಬಸ್ ಚಾರ್ಜಿಗಿಂತ ಕಮ್ಮಿ. ನಮ್ಮ ಮನೆಯವಳಿಗೆ ಶಕ್ತಿ ಯೋಜನೆಯಲ್ಲಿ ಬಸ್ ಫ್ರೀ. ಆದರೂ ಬೆಂಗಳೂರಿಗೆ ಹೋಗುವಾಗ ಕೆಂಗೇರಿ ಟ್ರಾಫಿಕ್ ನೆನೆದು ರೈಲಿಗೇ ಬರುತ್ತಾಳೆ. ಇನ್ನೊಂದು ಐವತ್ತು ರೂಪಾಯಿ ಜಾಸ್ತಿ ತೆಗೆದುಕೊಳ್ಳಲಿ, ಸಂಜೆ ಗಾಡಿಗೆ ಎರಡು ಜನರಲ್ ಬೋಗಿ ಸೇರಿಸಲಿ.

ಅಶೋಕಪುರಂ ಸ್ಟೇಷನ್ ರೋಡ್
ಐವತ್ತು ತೆಗೆದುಕೊಂಡು ಬೋಗಿ ಸೇರಿಸದಿದ್ದರೆ?

ಮದ್ದೂರು ಪಾಸ್‌ದಾರ
ಆಗ ಕಬ್ಬಿನ ಗದ್ದೆಯವರ ಕರೆಂಟ್ ಬಿಲ್ಲಿಗೇ ಇರಲಿ ಬಿಡಿ.

ಕಬ್ಬಿನ ಗದ್ದೆ, ಪಾಂಡವಪುರ
ನೋಡಿ, ಇದಕ್ಕೇ ಹೇಳಿದ್ದು! ನಾಳೆ ಮದ್ದೂರಿನಲ್ಲಿ ಇಳಿಯಿರಿ, ಬಿಲ್ ತೋರಿಸುತ್ತೇನೆ.